ಮಲಕಮ್ಮ ಕಂಡ ಕೆನೆ

ಕಕ್ಕೇರಾದ ಮಲಕಮ್ಮ ಎಮ್ಮೆ ತುಪ್ಪ ಮಾರುವವಳು. ತುಪ್ಪ ಅಪ್ಪಟವೇ ಎಂದು ಗಿರಾಕಿ ಕೇಳಿದರೆ ಹದಿನೈದರ ಮಗ ಅಮೋಘಸಿದ್ದನ ಗಲ್ಲ ತೋರಿಸುತ್ತಿದ್ದಳು. ಕಾಲುವೆ ನೀರು ಬಂದು ಹೊಲವೆಲ್ಲ ಗದ್ದೆಯಾದ ಮೇಲೆ ಮನೆಯವರು ಕುರಿ ಮಾರಿದ್ದರು. ಹುಡುಗನಿಗೆ ಕುರಿ ಹಿಂದೆ ಅಡ್ಡಾಡುವ ಕೆಲಸ ತಪ್ಪಿ, ತುಪ್ಪ ಸುರಿದ ಅನ್ನ ಉಣ್ಣುವ ಕೆಲಸವಷ್ಟೇ ಉಳಿದಿತ್ತು.

ಅವನಿಗೆ ಏದುಸಿರು ಹತ್ತಿದಾಗ ಸುರಪುರದ ಡಾಕ್ಟರ ಬಳಿ ಕರೆದೊಯ್ದಳು. ಅವರಿಗೆಂದು ಒಂದು ಡಬ್ಬಿ ತುಪ್ಪವನ್ನೂ ಒಯ್ದಿದ್ದಳು.

"ರಕ್ತದಾಗ ಕೊಬ್ಬು ಭಾಳ ಐತವ್ವಾ. ಹಿಂಗ ಬಿಟ್ರ ಮುಂದ ಹೃದಯಕ್ಕ ತ್ರಾಸು," ಅಂದರು ಡಾಕ್ಟರು.

"ಉಂಡ ಮೈ ರೀ ಅದು. ಮಂದಿ ಕಣ್ಣು ಬಿದ್ದೈತಿ ಅಷ್ಟ," ಎಂದು ನಕ್ಕಳು ಮಲಕಮ್ಮ.

ಡಾಕ್ಟರು ವಾದಿಸದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದಿಟ್ಟ ಹುಡುಗನ ರಕ್ತದ ಗಾಜಿನ ಕೊಳವೆಯನ್ನು ಮುಂದೆ ಹಿಡಿದರು. ಕೆಂಪಿನ ಮೇಲೆ ಹಾಲಿನಂಥ ಬಿಳಿ ಪದರು ನಿಂತಿತ್ತು. ಜೀವಮಾನವೆಲ್ಲ ಕೆನೆ ತೆಗೆದವಳಿಗೆ ಅದೇನೆಂದು ಬಿಡಿಸಿ ಹೇಳಬೇಕಾಗಲಿಲ್ಲ.

"ಏನ್ ಮಾಡ್ಲಿರಿ ಈಗ?"

"ತುಪ್ಪ, ಸಿಹಿ, ಭಜಿ ಬಿಡಸು. ಅನ್ನ ಕಡಿಮಿ ಮಾಡು. ದಿನಾ ನಡಸು."

ಮಲಕಮ್ಮ ಮೇಜಿನ ಮೇಲಿಟ್ಟಿದ್ದ ಡಬ್ಬಿಯನ್ನು ವಾಪಸ್ ಎತ್ತಿಕೊಂಡಳು. ಡಾಕ್ಟರ ಹೊಟ್ಟೆಯತ್ತ ಕಣ್ಣಾಡಿಸಿ, "ನಿಮ್ಮದೂ ಒಮ್ಮಿ ತಗಸಿ ನೋಡ್ರಿ ಸಾಹೇಬ್ರ," ಎಂದಳು.

ಆ ತುಪ್ಪವನ್ನು ಬಸ್ ನಿಲ್ದಾಣದ ಹೋಟೆಲಿನವನಿಗೆ ಮಾರಿದಳು. ಅವನ ರಕ್ತ ಅವನ ಪಾಡು. ಬಂದ ರೊಕ್ಕದಲ್ಲಿ ಮಗನಿಗೆ ಗಟ್ಟಿ ಚಪ್ಪಲಿ ಕೊಂಡಳು.

"ಯವ್ವಾ, ಒಂದ್ ಪ್ಲೇಟ್ ಭಜಿ?" ಅಂದ ಅಮೋಘಸಿದ್ದ.

"ಚಪ್ಪಲಿ ಹಾಕ್ಕೊಂಡು ನಡಿ," ಎಂದಳು.