ಕಳೆಯೂ ಭತ್ತವೂ ಬೀಗರಾದ ಗದ್ದೆ

ಬಗ್ಗಿ ಬಗ್ಗಿ ಕಳೆ ಕಿತ್ತವರ ಸೊಂಟಕ್ಕೆ ಮುಪ್ಪು ಬೇಗ ಬರುತ್ತದೆ. ನನ್ನದು ಮೂವತ್ತು ತುಂಬುವ ಮೊದಲೇ ಹೋಯಿತು. ದಾವಣಗೆರೆಯ ಮಂಡಿಪೇಟೆಯಲ್ಲಿ, ಅಂಗಡಿ ಮೇಲಿನ ಮನೆಯಲ್ಲಿ ಬೆಳೆದವಳು ನಾನು. ಮಲೆಬೆನ್ನೂರಿನ ಹತ್ತಿರದ ಹಳ್ಳಿಗೆ ನನ್ನನ್ನು ಕೊಟ್ಟಾಗ ಅಲ್ಲಿಗೆ ನಾಲೆಯ ನೀರು ಆಗಷ್ಟೇ ಬಂದಿತ್ತು. ಜೋಳದ ಹೊಲಗಳೆಲ್ಲ ಗದ್ದೆಯಾಗಿದ್ದವು. ಭತ್ತವೆಂದರೆ ಮೂಟೆಯಲ್ಲಿರುವುದು ಎಂದುಕೊಂಡಿದ್ದವಳಿಗೆ ಮೊಣಕಾಲುದ್ದ ಕೆಸರಿನಲ್ಲಿ ಪಾಠ ಶುರುವಾಯಿತು.

ಮಾವನ ಮಾತು ಮನೆಯಲ್ಲೇ ನಡೆಯುತ್ತಿರಲಿಲ್ಲ; ಅತ್ತೆಯ ಮಾತು ನಾಲ್ಕೂರಲ್ಲಿ ನಡೆಯುತ್ತಿತ್ತು. ಕಾರಣ ಬೀಜ. ಬಿತ್ತನೆಗೆ ಮುಂಚೆ ಸುತ್ತಿನ ಹೆಂಗಸರು ಎಲೆ ಅಡಿಕೆ, ಒಂದಚ್ಚು ಬೆಲ್ಲ ಹಿಡಿದು ನಮ್ಮ ಪಡಸಾಲೆಗೆ ಬರುತ್ತಿದ್ದರು. ಅತ್ತೆ ಅವರ ಉಡಿಗೆ ಬೀಜದ ಭತ್ತ ಸುರಿಯುತ್ತಿದ್ದರು. ಬೀಜ ಮಾರಬಾರದು ಎಂಬುದು ಜೋಳದ ಕಾಲದಿಂದಲೂ ಆ ಮನೆಯ ಕಟ್ಟು. "ಅಮ್ಮನ ಬೀಜದಾಗ ಬೆರಕಿ ಇರಂಗಿಲ್ಲ" ಎಂದು ಊರವರು ಹೇಳುವುದನ್ನು ಕೇಳಲೆಂದೇ ಅತ್ತೆ ಬದುಕಿದ್ದಂತಿತ್ತು. ಆ ಹೆಸರೊಂದು ಹೋದರೆ ತನಗೇನೂ ಉಳಿಯದೆಂಬ ಭಯ ಅವರಿಗಿತ್ತು. ಭಯ ಅವರದು, ಬೈಗುಳ ನಮಗೆ.

ಬೆರಕೆಯೆಂದರೆ ಕಾಡುಭತ್ತ. ಅದರ ಕಾಳು ಕೊಯ್ಲಿಗೆ ಮೊದಲೇ ಕೆಸರಿಗೆ ಉದುರಿ ಮುಂದಿನ ವರ್ಷ ತಾನಾಗಿಯೇ ಹುಟ್ಟುತ್ತದೆ. ಉದುರದೆ ಉಳಿದದ್ದು ಬೀಜಕ್ಕೆ ಬೆರೆಯುತ್ತದೆ; ಸುಲಿದರೆ ಅಕ್ಕಿ ಕೆಂಪು. ನಾವು ಹೆಂಗಸರು ಸಾಲಾಗಿ ನಿಂತು, ಭತ್ತದಂತೆ ಕಾಣದ್ದನ್ನೆಲ್ಲ ಕೀಳುತ್ತಿದ್ದೆವು. ಮೊದಮೊದಲು ಅದು ದೂರದಿಂದಲೇ ಗೊತ್ತಾಗುತ್ತಿತ್ತು. ವರ್ಷ ಕಳೆದಂತೆ ಎಲೆಯೂ ಎತ್ತರವೂ ಭತ್ತದ್ದೇ ಆಗಿ, ತೆನೆ ಬರುವವರೆಗೆ ಅತ್ತೆಯ ಕಣ್ಣಿಗೂ ಗುರುತು ಹತ್ತದಾಯಿತು.

ಆಗ ಮೈದುನ ಶಿವಮೊಗ್ಗದ ಕಡೆಯ ನೆಂಟರಿಂದ ನೇರಳೆ ಬಣ್ಣದ ಎಲೆಯ ಭತ್ತ ತಂದ. ಗದ್ದೆಯೆಲ್ಲ ನೇರಳೆ; ಹಸಿರು ಕಂಡರೆ ಕಿತ್ತರಾಯಿತು. ಎರಡು ವರ್ಷ ಕಳೆ ಕೀಳುವಾಗ ಹಾಡು ಹೇಳುವಷ್ಟು ಉಸಿರು ಉಳಿಯಿತು ನಮಗೆ. ಆಮೇಲೆ ಅಲ್ಲೊಂದು ಇಲ್ಲೊಂದು ನೇರಳೆ ಗಿಡದ ತೆನೆಯೇ ಕೊಯ್ಲಿಗೆ ಮುಂಚೆ ಉದುರತೊಡಗಿತು. ನಾಲ್ಕನೆಯ ವರ್ಷ ಕಾಡುಭತ್ತ ಬಹುಪಾಲು ನೇರಳೆಯೇ. ನಾನು ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆ ಅಂದು ಬೈಯಲಿಲ್ಲ.

ದಾವಣಗೆರೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನನ್ನ ತಮ್ಮ ಹಬ್ಬಕ್ಕೆ ಬಂದಾಗ ಗದ್ದೆಗೆ ಕರೆದೊಯ್ದು ತೋರಿಸಿದೆವು.

"ಅಕ್ಕಾ, ಭತ್ತದಂಗೆ ಕಾಣದೇ ಇದ್ದಿದ್ದನ್ನ ನೀವು ಕಿತ್ರಿ. ಕಂಡಿದ್ದು ಉಳೀತು, ಬೀಜ ಉದುರಿಸ್ತು. ಹಂಗಾಗಿ ವರ್ಷದಿಂದ ವರ್ಷಕ್ಕೆ ಭತ್ತದಂಗಿರೋದೇ ಹೆಚ್ಚಾತು. ನಿಮ್ಮ ಕಣ್ಣೇ ಅದನ್ನ ತಿದ್ದೈತೆ."

"ನೇರಳೆ ಹೆಂಗಾತ್ರಿ?" ಅತ್ತೆ ಕೇಳಿದರು.

"ಭತ್ತ, ಕಾಡುಭತ್ತ ಎರಡೂ ಇನ್ನೂ ಒಂದೇ ಕುಲ ಅಮ್ಮಾ. ಸಾವಿರಾರು ವರ್ಷ ದೂರ ದೂರ ಇದ್ದಿದ್ರೆ ಕೂಡಲಾರದಷ್ಟು ಬ್ಯಾರೆ ಆಗಿಬಿಡ್ತಿದ್ವೇನೋ. ಒಂದೇ ಗದ್ದ್ಯಾಗ ಹೂ ಬಿಟ್ರೆ ಅಲ್ಲೊಂದು ಇಲ್ಲೊಂದು ಪರಾಗ ಬೆರೀತೈತೆ. ಬೆರೆತಿದ್ರಾಗ ನೇರಳೆದನ್ನ ನೀವೇ ಬಿಟ್ರಿ."

"ಹಂಗಾದ್ರೆ ನಮ್ಮ ಗದ್ದ್ಯಾಗ ಇವೆರಡೂ ಬೀಗರಾದ್ವು ಅನ್ರಿ ಮೇಷ್ಟ್ರೇ." ಅತ್ತೆ ನಗಲು ನೋಡಿದರು, ಆಗಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಅಷ್ಟು ವರ್ಷ ಸೊಂಟ ಮುರಿದುಕೊಂಡು ಕಳೆಯ ಪೆದ್ದ ಮಕ್ಕಳನ್ನು ಕಿತ್ತೆಸೆದು, ಜಾಣ ಮಕ್ಕಳಿಗೆ ನೀರು ಗೊಬ್ಬರ ಕೊಟ್ಟು ಸಾಕಿದ್ದೆವು!

ಆ ವರ್ಷವೂ ಎಲೆ ಅಡಿಕೆ ಹಿಡಿದು ಹೆಂಗಸರು ಬಂದರು. ಅತ್ತೆ ಬಾಗಿಲಲ್ಲೇ ನಿಂತು, "ಬೀಜ ಇಲ್ರವ್ವ. ಉಣ್ಣಾಕ ಬೇಕಾದ್ರೆ ಒಯ್ಯಿರಿ" ಎಂದರು. ಹೆಂಗಸರು ಬೆಲ್ಲವನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ಹಿಂದಕ್ಕೆ ಒಯ್ದರು.

ಮರುದಿನ ಅತ್ತೆ ತಾವೇ ಎಲೆ ಅಡಿಕೆ, ಬೆಲ್ಲ ಕಟ್ಟಿಕೊಂಡರು. ಹರಿಹರದ ರಸ್ತೆಯ ಒಂದೂರಿನಲ್ಲಿ, ನಾವು ನೇರಳೆ ಭತ್ತ ತರುವ ಮೊದಲು ನಮ್ಮಿಂದಲೇ ಬೀಜ ಒಯ್ದಿದ್ದ ಹೆಂಗಸೊಬ್ಬಳಿದ್ದಳು. ಅಲ್ಲಾದರೂ ಹಳೆಯ ಬೀಜ ಶುದ್ಧವಾಗಿರಬಹುದೆಂಬ ಆಸೆ. ನಾವಿಬ್ಬರೂ ಬಸ್ಸಿಳಿದು ಹೋದೆವು. ಕೊಟ್ಟೇ ಗೊತ್ತಿದ್ದ ಅತ್ತೆಗೆ ಕೇಳುವುದು ಹೇಗೆಂದು ತಿಳಿಯಲಿಲ್ಲ. ಎಲೆ ಅಡಿಕೆ, ಬೆಲ್ಲವನ್ನು ಆಕೆಯ ಮುಂದಕ್ಕೆ ಸರಿಸಿದರು.

ಆಕೆ ನಾಚಿಕೊಂಡೇ ಮೊರದಲ್ಲಿ ಭತ್ತ ತಂದಳು. "ನಿಮ್ಮ ಬೀಜಾನೇ ಅಮ್ಮಾ. ನಾ ಕೊಡಾದೇನೈತೆ?"

ಅತ್ತೆ ಚಿಟಿಕೆ ಭತ್ತ ತೆಗೆದು ಉಗುರಿನಿಂದ ಒಂದೊಂದೇ ಸುಲಿದರು. ಬಿಳಿ. ಬಿಳಿ. ಆಮೇಲೆ ಕೆಂಪು. ಪಕ್ಕದಲ್ಲಿದ್ದ ನಾನು ನೋಡಿದೆ. ಅತ್ತೆ ಆ ಕೆಂಪು ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿದರು.

"ಚಲೋ ಐತವ್ವ ಬೀಜ," ಎಂದು ಉಡಿ ಒಡ್ಡಿದರು.

ಹಿಂದಿರುಗುವ ಬಸ್ಸಿನಲ್ಲಿ ನಾನು ತಡೆಯಲಾರದೆ, "ಯಾಕ ಇಸ್ಕೊಂಡ್ರಿ ಅತ್ತಿ?" ಎಂದೆ.

ಅವರು ಉಡಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು. "ಅಕಿಗೆ ಕೊಟ್ಟಾಕಿ ನಾನೇ ಅಲ್ಲೇನು? ಹೆಂಗ ಬ್ಯಾಡ ಅನ್ಲಿ?"