ಶ್ರುತಿ ಬಲ್ಲ ಬೆಕ್ಕು

ನಮ್ಮ ಹಾರ್ಮೋನಿಯಂ ಮೇಷ್ಟ್ರ ಎಡಗೈ ತುಂಬ ಬೆಕ್ಕು ಪರಚಿದ ಗೀರುಗಳಿದ್ದವು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಬಲಗೈ ಮಾತ್ರ ನುಣ್ಣಗಿತ್ತು. ಅದು ಹಾಗೇಕೆಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಅರವತ್ತರ ದಶಕದ ಕೊನೆಯ ಮಾತು. ದೇವನಹಳ್ಳಿ ಕಡೆಯ ವಿಜಯಪುರದ ಹತ್ತಿರದ ನಮ್ಮೂರಿನವರು ಪೌರಾಣಿಕ ನಾಟಕ ಆಡಬೇಕೆಂದು ಹೊರಟು, ಕಲಿಸಲು ಅವರನ್ನು ದೊಡ್ಡಬಳ್ಳಾಪುರದಿಂದ ಕರೆಸಿದ್ದರು. ಕಾಲಲ್ಲಿ ತುಳಿಯುವ ದೊಡ್ಡ ಹಾರ್ಮೋನಿಯಂ ಒಂದು, ಟ್ರಂಕು ಒಂದು, ಇಷ್ಟೇ ಅವರ ಸಂಸಾರ. ದಿನಕ್ಕೊಂದು ಮನೆಯಲ್ಲಿ ಊಟ. ರೇಷ್ಮೆಹುಳು ಸಾಕುವ ಮನೆಯೊಂದು ಖಾಲಿಯಿತ್ತು. ಅಲ್ಲೇ ಬಿಡಾರ, ಅಲ್ಲೇ ಸಂಜೆಯ ತಾಲೀಮು. ಇಲಿಕಾಟಕ್ಕೆಂದು ಅಲ್ಲಿ ಸಾಕಿದ್ದ ಕಪ್ಪು ಬೆಕ್ಕು ಮೊದಲ ದಿನವೇ ಹಾರ್ಮೋನಿಯಂ ಮೇಲೆ ಹತ್ತಿ ಮಲಗಿತು. ಮೇಷ್ಟ್ರು ಅದನ್ನು ಇಳಿಸಲಿಲ್ಲ.

ವಾರದೊಳಗೆ ಊರೆಲ್ಲ ಸುದ್ದಿ: ಬೆಕ್ಕಿಗೆ ಶ್ರುತಿಜ್ಞಾನವಿದೆ! ಹಾಡುವವನು ಶ್ರುತಿ ಬಿಟ್ಟ ಕೂಡಲೇ ಅದು ಎದ್ದು ಕೆಳಗೆ ಹಾರುತ್ತಿತ್ತು. ರಾಜನ ಪಾತ್ರದ ಗೌಡರು ಜನ್ಮದಲ್ಲಿ ಯಾರ ಮಾತನ್ನೂ ಕೇಳಿದವರಲ್ಲ, ಬೆಕ್ಕಿನ ಮಾತು ಕೇಳಿದರು. "ಎದ್ದೋಯ್ತಲ್ಲ ಮೇಷ್ಟ್ರೇ, ಇನ್ನೊಂದ್ಸಲ ಹಾಡ್ತೀನಿ" ಎಂದು ಮೊದಲಿನಿಂದ ಶುರು ಮಾಡುತ್ತಿದ್ದರು. ಒಮ್ಮೆ ಬೆಕ್ಕಿಗೆ ಕೆನೆಹಾಲು ತಂದು ಕುಡಿಸಿಯೂ ನೋಡಿದರು. ಅದು ಹಾಲೂ ಕುಡಿಯಿತು, ಎರಡನೆಯ ಸಾಲಿಗೆ ಎದ್ದೂ ಹೋಯಿತು.

ನಾನು ಹಾಡುವಾಗ ಮಾತ್ರ ಅದು ಕದಲುತ್ತಿರಲಿಲ್ಲ. ನನಗಾಗ ಇಪ್ಪತ್ತೆರಡು ವರ್ಷ. ವಿಜಯಪುರದಲ್ಲಿ ರೇಷ್ಮೆನೂಲಿಗೆ ಹುರಿ ಹಾಕುವ ಕೆಲಸ, ನಾಟಕದಲ್ಲಿ ಮಂತ್ರಿಯ ಪಾತ್ರ. ಬೆಕ್ಕಿನ ಭರವಸೆಯ ಮೇಲೆ, ಕೆಲಸ ಬಿಟ್ಟು ನಾಟಕದ ಕಂಪನಿಗೆ ಗಾಯಕನಾಗಿ ಸೇರುವುದೆಂದು ತೀರ್ಮಾನಿಸಿಬಿಟ್ಟಿದ್ದೆ.

ಅದನ್ನು ಹೇಳಲೆಂದೇ ಒಂದು ಭಾನುವಾರ ಮಧ್ಯಾಹ್ನ ಹಿತ್ತಿಲ ಬಾಗಿಲಿಂದ ಒಳಗೆ ಹೋದೆ. ಗೌಡರೊಬ್ಬರೇ ಕಣ್ಣುಮುಚ್ಚಿ ಹಾಡುತ್ತಿದ್ದರು. ಮೇಷ್ಟ್ರ ಬೆನ್ನು ನನ್ನ ಕಡೆಗಿತ್ತು. ಗೌಡರ ಸ್ವರ ಜಾರಿತು. ಮೇಷ್ಟ್ರ ಎಡಗೈ ಮೆಲ್ಲಗೆ ಮೇಲೆ ಹೋಗಿ ಜೋತುಬಿದ್ದಿದ್ದ ಬಾಲವನ್ನು ಚಿವುಟಿತು. ಬೆಕ್ಕು ಆ ಕೈಯನ್ನೊಮ್ಮೆ ಪರಚಿ ಹಾರಿತು.

ಗೌಡರು ಹೋದ ಮೇಲೆ ಮೇಷ್ಟ್ರು ನಕ್ಕರು. "ನೋಡ್ಬಿಟ್ಟಾ? ಅನ್ನ ಹಾಕೋ ದೊಡ್ಡೋರಿಗೆ ನಿಮ್ಗೆ ಶ್ರುತಿ ಇಲ್ಲ ಅಂತ ಹೆಂಗಪ್ಪಾ ಹೇಳ್ಲಿ? ಬೆಕ್ಕು ಹೇಳಿದ್ರೆ ಯಾರ್ಗೂ ಬೇಜಾರಿಲ್ಲ."

"ನಾನ್ ಹಾಡ್ದಾಗ ಎಬ್ಬಿಸಲ್ವಲ್ಲ ಮೇಷ್ಟ್ರೇ?" ಹೊಗಳುತ್ತಾರೆಂದು ಕಾದೆ. ಕಂಪನಿಯ ವಿಷಯವನ್ನೂ ಹೇಳಿದೆ.

ಅವರ ನಗು ನಿಂತಿತು. "ಗೌಡ್ರು ತಿದ್ಕೋತಾರೆ, ಅದಕ್ಕೇ ಎಬ್ಬಿಸ್ತೀನಿ. ನಿನ್ ಗಂಟ್ಲು ತಿದ್ದೋಕಾಗಲ್ಲ ಕಣಪ್ಪಾ. ನಿಂಗೋಸ್ಕರ ಚಿವುಟ್ತಾ ಕೂತ್ರೆ ಬೆಕ್ಕಿಗೆ ಬಾಲಾನೇ ಉಳಿಯಲ್ಲ."

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಎದ್ದು ಹೊರಟವನ ಕೈ ಹಿಡಿದು ಎಳೆದರು. "ಗಂಟ್ಲಲ್ಲಿ ಇಲ್ದಿದ್ರೆ ಏನಾಯ್ತು, ಕಿವೀಲೈತೆ. ಬೇರೆಯೋರು ತಪ್ಪಿದ್ರೆ ನಿನ್ ಮುಖ ಹುಳ್ಳಗಾಗುತ್ತೆ, ನೋಡಿದೀನಿ. ಬಾ, ಇಲ್ಲಿ ಕೂತ್ಕೋ." ಅವತ್ತೇ ನನ್ನ ಬೆರಳುಗಳನ್ನು ಹಾರ್ಮೋನಿಯಂ ಮೇಲೆ ಇಟ್ಟರು.

ನಾಟಕ ಮುಗಿಸಿ ಹೊರಟಾಗ ಮೇಷ್ಟ್ರು ಬೆಕ್ಕನ್ನೂ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ನಾನು ವಾರಕ್ಕೊಮ್ಮೆ ದೊಡ್ಡಬಳ್ಳಾಪುರಕ್ಕೆ ಹೋಗಿ ಕಲಿತೆ. ಆಮೇಲೆ ದೇವನಹಳ್ಳಿ, ಹೊಸಕೋಟೆ ಕಡೆಯ ಎಷ್ಟೋ ಊರುಗಳ ನಾಟಕಕ್ಕೆ ನಾನೇ ನುಡಿಸಿದೆ. ಕಂಪನಿ ಸೇರಿದ್ದರೆ ತಿಂಗಳೊಳಗೆ ಕತ್ತು ಹಿಡಿದು ತಳ್ಳುತ್ತಿದ್ದರು. ಆ ಅವಮಾನದಿಂದ ನನ್ನನ್ನು ಉಳಿಸಿದ್ದು ಅವರ ನಿಷ್ಠುರದ ಮಾತು.

ಆರೇಳು ವರ್ಷ ಕಳೆಯಿತು. ಮೇಷ್ಟ್ರ ಕೈ ನಡುಗಲು ಶುರುವಾಗಿತ್ತು. ನೆಲಮಂಗಲದ ಕಡೆಯ ಊರೊಂದರವರು ನಾಟಕಕ್ಕೆ ಅವರನ್ನು ಕರೆದಿದ್ದರು. ಒಂದು ಮಧ್ಯಾಹ್ನ ಮೇಷ್ಟ್ರು ನನ್ನನ್ನು ಕೂರಿಸಿಕೊಂಡು ಒಂದು ಹಾಡನ್ನು ಪೂರ್ತಿ ನುಡಿಸಿದರು. ಮುದಿಯಾಗಿದ್ದ ಬೆಕ್ಕು ಹಾರ್ಮೋನಿಯಂ ಮೇಲೆ ನಿದ್ದೆ ಮಾಡುತ್ತಿತ್ತು.

"ಹೆಂಗಿತ್ತಪ್ಪಾ? ಹೋಗ್ಲಾ?"

ನನಗೆ ನಿಜ ಹೇಳಿದವರಿಗೆ ನಾನು ಸುಳ್ಳು ಹೇಳುವುದು ಹೇಗೆ? "ಬೆರಳು ತಪ್ತಾವೆ ಮೇಷ್ಟ್ರೇ. ಬೇಡ" ಎಂದೆ.

ಅವರು ಹೆಗಲ ಮೇಲಿನ ಟವೆಲ್ಲಿನಿಂದ ಹಾರ್ಮೋನಿಯಂ ಒರೆಸಿ ಮುಚ್ಚಿದರು. "ಸರಿ, ನೀನೇ ಹೋಗು" ಎಂದರು. ನಾನೇ ಹೋದೆ, ಚೆನ್ನಾಗಿಯೇ ನುಡಿಸಿದೆ. ಮುಂದಿನ ಯುಗಾದಿಗೆ ಅವರು ಇರಲಿಲ್ಲ. ಆ ಮಧ್ಯಾಹ್ನದ ನಂತರ ಹಾರ್ಮೋನಿಯಂ ತೆರೆಯಲೇ ಇಲ್ಲವೆಂದು ಮನೆಯಲ್ಲಿ ಜೊತೆಗಿದ್ದ ಅವರ ತಂಗಿ ಹೇಳಿದರು.

ಅವತ್ತು ಸುಳ್ಳು ಹೇಳಿದ್ದರೆ ಜನ ನಗುತ್ತಿದ್ದರು, ಅಷ್ಟೇ. ಮೇಷ್ಟ್ರು ಇನ್ನೊಂದು ನಾಟಕಕ್ಕೆ ನುಡಿಸಿರುತ್ತಿದ್ದರು.