ಮಾವನವರ ಬೆನ್ನ ಮೇಲಿನ ಕೈ

ಮೈಮೇಲೆ ಬರುವುದನ್ನೆಲ್ಲ ನಾನು ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು; ಯಾರಾದರೂ ಅಂಥ ಕತೆ ತೆಗೆದರೆ ನಗು ತಡೆದುಕೊಂಡು ಕಾಫಿ ತರಲು ಒಳಗೆ ಹೋಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ತೊಂಬತ್ತರ ದಶಕದ ಕೊನೆಯ ಆ ಮಧ್ಯಾಹ್ನ ನಡೆದದ್ದಂತೂ ನಿಜ.

ಮಾವನವರು ಗುಬ್ಬಿಯ ಬಟ್ಟೆ ಅಂಗಡಿ ಮುಚ್ಚಿ ಸದಾಶಿವನಗರದ ನಮ್ಮ ಮನೆಗೆ ಬಂದು ವರ್ಷವಾಗಿತ್ತು. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ನಾನು ಅವರ ದನಿಯನ್ನೂ ಕೇಳಿದವಳಲ್ಲ. ಕೆಲವು ತಿಂಗಳಿಂದ ಮಾವನವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಹಣೆಗೆ ವಿಭೂತಿ ಹಚ್ಚುವುದನ್ನೂ ಬಿಟ್ಟಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಅವರೆದುರು ಕುರ್ಚಿಯಲ್ಲೂ ಕೂರದ ಸೊಸೆ, ಕೇಳುವುದೆಲ್ಲಿ ಬಂತು?

ಆ ದಿನ ಕುಣಿಗಲ್ಲಿನ ಮಗಳ ಮನೆಗೆಂದು ಹೊರಟವರನ್ನು, ಬಸ್ಸಿಗೆ ಮೊದಲು ಶಿರಾ ಗೇಟ್ ಹತ್ತಿರದ ನಮ್ಮ ಮಾಮೂಲಿ ಡಾಕ್ಟರ ಬಳಿ ಕರೆದೊಯ್ದೆ. ಡಾಕ್ಟರು ಗಂಟಲು ನೋಡಿ, ಮತ್ತೊಂದು ಟಾನಿಕ್ ಬರೆದು ಚೀಟಿ ಹರಿದುಕೊಟ್ಟರು. ಮಾವನವರು ಏಳುತ್ತಿದ್ದರು. ಆಗ ಯಾರೋ ಗಡಸು ದನಿಯಲ್ಲಿ, "ಅಯ್, ನುಂಗ್ಬ್ಯಾಡಿ. ಉಗುದ್ಬುಡಿ ಅದ್ನ," ಅಂದರು.

ಅಂದದ್ದು ನಾನೇ. ನನ್ನ ಕೈ ಮಾವನವರ ಬೆನ್ನ ಮೇಲಿತ್ತು.

ಅವರು ನನ್ನನ್ನೇ ನೋಡುತ್ತ ಮತ್ತೆ ಕೂತರು. ಕಣ್ಣು ತುಂಬಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟು, ಬಾಗಿಲು ಹಾಕಿಸಿ, ನೇರವಾಗಿ ಕೇಳಿದರು: "ಯಜಮಾನ್ರೇ, ಬದುಕೋದೇ ಬೇಡ ಅನ್ನಿಸ್ತಿದ್ಯಾ?"

"ನಿಮ್ ಟಾನಿಕ್ ಕುಡಿದ್ರೆ ಯಾರಿಗ್ ಅನ್ಸಲ್ಲ ಸ್ವಾಮಿ," ಎಂದರು ಮಾವನವರು. ಆಮೇಲೆ ತಲೆ ತಗ್ಗಿಸಿ, "ಕುಣಿಗಲ್‌ಗೆ ಅಂತ ಸುಳ್ಳು ಹೇಳ್ದೆ. ವಾಪಸ್ ಬರೋ ಯೋಚ್ನೆ ಇರ್ಲಿಲ್ಲ," ಎಂದರು.

ಡಾಕ್ಟರು ಬೈಯಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ಇದೂ ಬಿಪಿಯ ಹಾಗೆ ಒಂದು ಕಾಯಿಲೆ, ವಾಸಿಮಾಡಬಹುದು ಎಂದರು. ನನ್ನ ಯಜಮಾನರನ್ನು ಕರೆಸಿ, ಸದ್ಯ ಇವರನ್ನು ಒಬ್ಬರನ್ನೇ ಬಿಡಬೇಡಿ ಎಂದು ಹೇಳಿದರು. ವಾರವಾರವೂ ತಾವೇ ನೋಡಿದರು. ಪ್ರತಿ ಸಲವೂ ಅದೇ ಪ್ರಶ್ನೆಯನ್ನು ಮುಚ್ಚುಮರೆಯಿಲ್ಲದೆ ಕೇಳಿದರು. ಉತ್ತರ ನಿಧಾನವಾಗಿ ಬದಲಾಯಿತು. ಹಾಗೆ ಕೇಳಿದರೆ ಆ ಯೋಚನೆ ಇನ್ನೂ ಹೆಚ್ಚೀತು ಎಂದು ಹೆದರಿದ್ದೆ. ಇಲ್ಲ, ಕೇಳಿದ್ದರಿಂದಲೇ ಹಗುರಾದದ್ದನ್ನು ಕಣ್ಣಾರೆ ಕಂಡೆ.

ಅಂದು ನನ್ನ ಬಾಯಿಂದ ಬಂದ ಆ ಮಾತು ಅತ್ತೆಯದಂತೆ; ಮಾವನವರೇ ಆಮೇಲೆ ಹೇಳಿದರು. ಮಾವನವರು ಮುನಿಸಿಕೊಂಡು ಉಣ್ಣದೆ ಕೂತಾಗ, ಇಬ್ಬರೇ ಇದ್ದರೆ, ಬೆನ್ನು ತಟ್ಟಿ ಹಾಗನ್ನುತ್ತಿದ್ದರಂತೆ. ನನ್ನ ಯಜಮಾನರೂ ಅದನ್ನು ಕೇಳಿದವರಲ್ಲ.

ಎಷ್ಟೋ ದಿನದ ಮೇಲೆ, ಮುದ್ದೆ ಮುರಿಯುತ್ತ ಮಾವನವರು, ಅದನ್ನು ಇನ್ನೊಂದು ಸಲ ಹೇಳು ಎಂದರು. ನಾಚುತ್ತಲೇ ಹೇಳಿದೆ, ಒಂದಕ್ಷರವೂ ತಪ್ಪದೆ. ಅವರು ತಲೆಯಾಡಿಸಿ ನಕ್ಕರು.

"ಈ ಸಲ ಹೇಳಿದ್ದು ನೀನು ಕಣಮ್ಮ," ಎಂದರು.